ಲ್ಯಾಪ್‌ಟಾಪಿನ ಸದ್ದು ಡೆಸ್ಕ್‌ಟಾಪಿನ ಸ್ಪೀಕರಿನಲ್ಲಿ: ತೊಡಕು ಎಲ್ಲಿ? ಪರಿಹಾರವೇನು?

ಮೇಜಿನ ಮೇಲೆ ಎರಡು ಗಣಕಗಳು, ಒಂದೇ ಜೊತೆ ಸ್ಪೀಕರ್. 2020ರಲ್ಲಿ ಕಚೇರಿಯ ಲ್ಯಾಪ್‌ಟಾಪ್‌ಗಳು ಮನೆ ಸೇರಿದ ಮೇಲೆ ನಗರದ ಅನೇಕ ಮನೆಗಳಲ್ಲಿ ಕಾಣುವ ದೃಶ್ಯವಿದು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಸಭೆಯ ಮಾತು ಕ್ಷೀಣವಾಗಿ ಹೊರಡುತ್ತಿರುತ್ತದೆ. ಡೆಸ್ಕ್‌ಟಾಪಿಗೆ ಜೋಡಿಸಿದ ಒಳ್ಳೆಯ ಸ್ಪೀಕರ್ ಪಕ್ಕದಲ್ಲೇ ಸುಮ್ಮನೆ ಕುಳಿತಿರುತ್ತದೆ. ಒಂದರ ಧ್ವನಿಯನ್ನು ಇನ್ನೊಂದಕ್ಕೆ ಹಾಯಿಸಿದರೆ ಆಯಿತಲ್ಲ ಎಂದು ತಂತಿ ತಂದು ಚುಚ್ಚಿದರೆ, ಸದ್ದೇ ಬರುವುದಿಲ್ಲ. ಬಂದರೂ ಒಡಕು, ಗುಂಯ್‌ಗುಡುವಿಕೆ, ಇಲ್ಲವೇ ಮಾತಿಗೂ ಚಿತ್ರಕ್ಕೂ ತಾಳೆಯಿಲ್ಲ.

ನಮ್ಮ ಸುದ್ದಿಮನೆಯಲ್ಲೇ ನಡೆದ ಪ್ರಸಂಗವೊಂದಿದೆ. ಪತ್ರಿಕಾಗೋಷ್ಠಿಯೊಂದರ ಧ್ವನಿಮುದ್ರಣವನ್ನು ನಾಲ್ಕು ಜನ ಒಟ್ಟಿಗೆ ಕೇಳಿ ಬರೆದುಕೊಳ್ಳಬೇಕಿತ್ತು. ಈ ವರದಿಗಾರ ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ ತಂತಿ ಎಳೆದಾಗ ಕೇಳಿಬಂದದ್ದು ಒಡೆದ ತಮಟೆಯಂಥ ಸದ್ದು. ಅಂಗಡಿಯೊಂದರ ಸಲಹೆಯಂತೆ ಹೊಸ ಸೌಂಡ್ ಕಾರ್ಡ್ ಖರೀದಿಸಿ ಕೂಡಿಸಿದ್ದಾಯಿತು. ಸದ್ದು ಹಾಗೆಯೇ ಇತ್ತು. ಕೊನೆಗೆ ತಂತಿಯ ತುದಿಯನ್ನು ಗುಲಾಬಿ ಜ್ಯಾಕಿನಿಂದ ಕಿತ್ತು ನೀಲಿ ಜ್ಯಾಕಿಗೆ ಹಾಕಿದೊಡನೆ ಮಾತು ಸ್ಪಷ್ಟವಾಯಿತು. ಹಳೆಯ ಕಾರ್ಡಿನಲ್ಲೂ ನೀಲಿ ಜ್ಯಾಕ್ ಇತ್ತೆಂಬುದು ಆಮೇಲೆ ಹೊಳೆದ ವಿಷಯ.

ಇಂಥ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟು ಆಗುವಂಥವಲ್ಲ. ಧ್ವನಿ ಸಾಗುವ ದಾರಿಯಲ್ಲಿ ಎಲ್ಲೋ ಒಂದು ಬಾಗಿಲು ಮುಚ್ಚಿರುತ್ತದೆ, ಅಷ್ಟೆ. ಹಣ ಖರ್ಚು ಮಾಡುವ ಮೊದಲು ಆ ಬಾಗಿಲು ಯಾವುದೆಂದು ಪತ್ತೆ ಹಚ್ಚಬೇಕು.

ದಾರಿಯನ್ನು ಎರಡಾಗಿ ಸೀಳಿ

ತಂತಿಯ ಮೂಲಕ ಹೋಗುವ ಧ್ವನಿಯ ದಾರಿ ಹೀಗಿದೆ: ಲ್ಯಾಪ್‌ಟಾಪಿನ ತಂತ್ರಾಂಶ, ಅದರ ಹೆಡ್‌ಫೋನ್ ಜ್ಯಾಕ್, ತಂತಿ, ಡೆಸ್ಕ್‌ಟಾಪಿನ ಲೈನ್-ಇನ್ ಜ್ಯಾಕ್, ಡೆಸ್ಕ್‌ಟಾಪಿನ ತಂತ್ರಾಂಶ, ಕೊನೆಗೆ ಸ್ಪೀಕರ್. ಪರೀಕ್ಷೆಯನ್ನು ಮಧ್ಯದಿಂದಲೇ ಆರಂಭಿಸುವುದು ಲೇಸು. ತಂತಿಯನ್ನು ಡೆಸ್ಕ್‌ಟಾಪಿನ ಕಡೆಯಿಂದ ಕಿತ್ತು, ಸ್ಪೀಕರಿನ ಪಿನ್ನನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ಸದ್ದು ಬಂದರೆ ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಎರಡೂ ನಿರ್ದೋಷಿಗಳು. ಬಾರದಿದ್ದರೆ ಡೆಸ್ಕ್‌ಟಾಪಿನ ಗೊಡವೆಗೆ ಹೋಗುವುದೇ ಬೇಡ. ಲ್ಯಾಪ್‌ಟಾಪಿನಲ್ಲಿ ಧ್ವನಿ ಬ್ಲೂಟೂತ್ ಇಯರ್‌ಫೋನಿಗೋ ಎಚ್‌ಡಿಎಂಐ ಮಾನಿಟರಿಗೋ ಹರಿದುಹೋಗುತ್ತಿದೆಯೇ ಎಂಬುದನ್ನು ನೋಡಿ.

ತಂತಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಅದರ ಒಂದು ತುದಿಯನ್ನು ಮೊಬೈಲಿಗೆ ಹಾಕಿ, ಇನ್ನೊಂದನ್ನು ಡೆಸ್ಕ್‌ಟಾಪಿಗೆ ಕೊಟ್ಟು ಹಾಡು ನುಡಿಸಿ. ಬೇಕಾದದ್ದು ಎರಡೂ ಕಡೆ 3.5 ಮಿ.ಮೀ. ಗಂಡು ಪಿನ್ ಇರುವ ಸಾದಾ ತಂತಿ. ಪಿನ್ನಿನ ಮೇಲೆ ಎರಡು ಕಪ್ಪು ಉಂಗುರಗಳಿದ್ದರೆ ಅದು ಸ್ಟೀರಿಯೋ. ಮೂರಿದ್ದರೆ ಮೈಕ್ ಸಹಿತವಾದ ಮೊಬೈಲ್ ತಂತಿ. ಅದನ್ನು ಡೆಸ್ಕ್‌ಟಾಪಿನ ಜ್ಯಾಕಿಗೆ ಚುಚ್ಚಿದರೆ ಕೆಲವೊಮ್ಮೆ ಹಾಡಿನಲ್ಲಿ ಗಾಯಕರ ದನಿ ಮಾಯವಾಗಿ ಹಿನ್ನೆಲೆ ವಾದ್ಯಗಳಷ್ಟೇ ಉಳಿಯುತ್ತವೆ. ನೆಲದ ಸಂಪರ್ಕ ಸರಿಯಾಗಿ ಕೂಡದೆ, ಎಡ ಬಲ ಎರಡೂ ಕಡೆ ಸಮನಾಗಿರುವ ಧ್ವನಿ ಒಂದನ್ನೊಂದು ಅಳಿಸಿಹಾಕುವುದೇ ಇದಕ್ಕೆ ಕಾರಣ.

ಗುಲಾಬಿಯಲ್ಲ, ನೀಲಿ

ಡೆಸ್ಕ್‌ಟಾಪಿನ ಹಿಂಬದಿಯ ಜ್ಯಾಕುಗಳ ಬಣ್ಣ ಅಲಂಕಾರಕ್ಕಲ್ಲ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ‘ಪಿಸಿ 99’ ಮಾರ್ಗಸೂಚಿಯ ಪ್ರಕಾರ ಹಸಿರು ಎಂದರೆ ಸ್ಪೀಕರಿಗೆ ಹೋಗುವ ಧ್ವನಿ, ನೀಲಿ ಎಂದರೆ ಹೊರಗಿನಿಂದ ಬರುವ ಧ್ವನಿ, ಗುಲಾಬಿ ಎಂದರೆ ಮೈಕ್. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್‌ಗಳ ಕ್ಷೀಣ ಸಂಕೇತ. ಅದಕ್ಕಾಗಿ ಗುಲಾಬಿ ಜ್ಯಾಕಿನ ಹಿಂದೆ ಸಂಕೇತವನ್ನು ಅನೇಕ ಪಟ್ಟು ಹಿಗ್ಗಿಸುವ ವ್ಯವಸ್ಥೆಯಿರುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಹೊರಡುವುದಾದರೋ ನೂರಾರು ಮಿಲಿವೋಲ್ಟ್. ಅದನ್ನು ಮತ್ತೆ ಹಿಗ್ಗಿಸಿದರೆ ಒಡಕಲ್ಲದೆ ಇನ್ನೇನು ಬಂದೀತು? ಸಾಲದ್ದಕ್ಕೆ ಬಹುತೇಕ ಮೈಕ್ ಜ್ಯಾಕುಗಳು ಎಡ ಬಲಗಳ ಭೇದ ತಿಳಿಯದ ಏಕವಾಹಿನಿಗಳು.

ನೀಲಿ ಜ್ಯಾಕಿಗೆ ಹಾಕಿದ ಮೇಲೆ ಲ್ಯಾಪ್‌ಟಾಪಿನ ಧ್ವನಿಮಟ್ಟವನ್ನು ನೂರಕ್ಕೆ ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿಟ್ಟು, ಏರಿಳಿತವನ್ನು ಸ್ಪೀಕರಿನ ಗುಂಡಿಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ತೀರಾ ತಗ್ಗಿಸಿ ಸ್ಪೀಕರಿನಲ್ಲಿ ಏರಿಸಿದರೆ ಸರ್ರೆನ್ನುವ ಸದ್ದೂ ಅದರ ಜೊತೆಗೇ ಏರುತ್ತದೆ.

ಇತ್ತೀಚಿನ ಚಿಕ್ಕ ಗಾತ್ರದ ಡೆಸ್ಕ್‌ಟಾಪುಗಳಲ್ಲಿ ನೀಲಿ ಜ್ಯಾಕೇ ಇಲ್ಲದಿರಬಹುದು. ಲ್ಯಾಪ್‌ಟಾಪುಗಳಲ್ಲಂತೂ ಇರುವುದು ಅಪರೂಪ. ಆಗ ಯುಎಸ್‌ಬಿ ಧ್ವನಿ ಸಾಧನ ಬೇಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗದ ದರಕ್ಕೆ ಸಿಗುವ ಬೆರಳುದ್ದದ ಸಾಧನಗಳಲ್ಲಿ ಹೆಚ್ಚಿನವುಗಳಿಗೆ ಇರುವುದು ಮೈಕ್ ಜ್ಯಾಕ್ ಮಾತ್ರ. ಪೆಟ್ಟಿಗೆಯ ಮೇಲೆ ‘ಲೈನ್-ಇನ್’ ಎಂದು ಸ್ಪಷ್ಟವಾಗಿ ನಮೂದಿಸಿದ್ದನ್ನು ಕೇಳಿ ಪಡೆಯಬೇಕು.

ಕೆಲವರು ಇನ್ನೂ ಸುಲಭದ ಹಾದಿ ಹಿಡಿಯುತ್ತಾರೆ. ಒಂದು ಜ್ಯಾಕಿನಿಂದ ಎರಡು ಹೆಡ್‌ಫೋನಿಗೆ ಧ್ವನಿ ಹಂಚುವ ಕವಲು ತಂತಿಯನ್ನು ತಲೆಕೆಳಗು ಮಾಡಿ, ಎರಡೂ ಗಣಕಗಳ ಹಸಿರು ಜ್ಯಾಕನ್ನು ಒಂದೇ ಸ್ಪೀಕರಿಗೆ ಬೆಸೆಯುತ್ತಾರೆ. ಇದು ಸಲ್ಲದು. ಒಂದರ ವಿದ್ಯುತ್ ಸಂಕೇತ ಇನ್ನೊಂದರ ಹೊರಹರಿವಿಗೆ ಎದುರಾಗಿ ನುಗ್ಗುತ್ತದೆ. ಸದ್ದು ಕುಗ್ಗುತ್ತದೆ, ಒಡೆಯುತ್ತದೆ, ಜ್ಯಾಕಿನ ಹಿಂದಿನ ಬಿಡಿಭಾಗಕ್ಕೂ ಹಾನಿಯಾಗಬಹುದು. ಎರಡನ್ನು ಬೆರೆಸಲು ಪುಟ್ಟ ಮಿಕ್ಸರ್ ಬೇಕು. ನಿಮ್ಮ ಸ್ಪೀಕರಿಗೆ ಎರಡು ಒಳಹರಿವುಗಳಿದ್ದರೆ ಅದೂ ಬೇಡ. ಹಿಂಬದಿಯನ್ನೊಮ್ಮೆ ತಿರುಗಿಸಿ ನೋಡಿ.

ತಂತಿ ಸರಿಯಿದೆ, ಸದ್ದಿಲ್ಲ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಧ್ವನಿ ನಿಯಂತ್ರಣದ ಕಿಟಕಿಯಲ್ಲಿ ‘ಲೈನ್ ಇನ್’ ಎಂಬ ಪಟ್ಟಿಯ ಕೆಳಗಿನ ‘ಮ್ಯೂಟ್’ ಗುರುತನ್ನು ತೆಗೆದರೆ ಕೆಲಸ ಮುಗಿಯುತ್ತಿತ್ತು. ಈಗಿನ ವಿಂಡೋಸ್‌ನಲ್ಲಿ ಲೈನ್-ಇನ್‌ಗೆ ಬಂದ ಧ್ವನಿ ತಾನಾಗಿಯೇ ಸ್ಪೀಕರಿಗೆ ಹೋಗುವುದಿಲ್ಲ. ಅದನ್ನು ಮುದ್ರಣಕ್ಕೆ ಬಂದ ಸಂಕೇತವೆಂದಷ್ಟೇ ಗಣಕ ಭಾವಿಸುತ್ತದೆ. ತಂತಿ ಸರಿಯಾಗಿದ್ದೂ ಮೌನವಿದ್ದರೆ ಬಹುಪಾಲು ಕಾರಣ ಇದೇ.

ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ‘ಎಂಎಂಎಸ್‌ವೈಎಸ್ ಡಾಟ್ ಸಿಪಿಎಲ್’ ಎಂಬ ಎಂಟಕ್ಷರದ ಹೆಸರನ್ನು ನಡುವೆ ಚುಕ್ಕಿಯಿಟ್ಟು ಟೈಪಿಸಿದರೆ ಧ್ವನಿಯ ಹಳೆಯ ಕಿಟಕಿ ತೆರೆದುಕೊಳ್ಳುತ್ತದೆ. ವಿಂಡೋಸ್ 10 ಮತ್ತು 11 ಎರಡರಲ್ಲೂ ಇದು ಉಂಟು. ‘ರೆಕಾರ್ಡಿಂಗ್’ ವಿಭಾಗದಲ್ಲಿ ‘ಲೈನ್ ಇನ್’ ಕಾಣಿಸಬೇಕು. ಕಾಣದಿದ್ದರೆ ಖಾಲಿ ಜಾಗದಲ್ಲಿ ಬಲಗುಂಡಿ ಕ್ಲಿಕ್ಕಿಸಿ ‘ಶೋ ಡಿಸೇಬಲ್ಡ್ ಡಿವೈಸಸ್’ ಆರಿಸಿ. ಲ್ಯಾಪ್‌ಟಾಪಿನಲ್ಲಿ ಹಾಡು ನಡೆಯುತ್ತಿರುವಾಗ ಅದರ ಪಕ್ಕದ ಹಸಿರು ಪಟ್ಟಿ ಕುಣಿಯುತ್ತಿದ್ದರೆ ಧ್ವನಿ ಡೆಸ್ಕ್‌ಟಾಪಿನ ಒಳಗೆ ಬಂದಿದೆ ಎಂದರ್ಥ. ಈ ಪಟ್ಟಿಯೇ ಇಡೀ ಪರೀಕ್ಷೆಯ ನಡುಗಂಬ. ಅದು ಕುಣಿಯದಿದ್ದರೆ ತೊಂದರೆ ತಂತಿಯ ಕಡೆ, ಕುಣಿಯುತ್ತಿದ್ದರೆ ತಂತ್ರಾಂಶದ ಕಡೆ.

ಕುಣಿಯುತ್ತಿದೆ ಎನ್ನಿ. ‘ಲೈನ್ ಇನ್’ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ‘ಲಿಸನ್’ ವಿಭಾಗಕ್ಕೆ ಹೋಗಿ ‘ಲಿಸನ್ ಟು ದಿಸ್ ಡಿವೈಸ್’ ಎಂಬಲ್ಲಿ ಗುರುತು ಹಾಕಿ, ಕೆಳಗಿನ ಪಟ್ಟಿಯಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ. ಇದನ್ನು ಮೈಕಿಗೆ ಮಾಡಿಬಿಟ್ಟೀರಿ, ಜೋಕೆ! ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಮದುವೆ ಮಂಟಪದ ಮೈಕಿನಂತೆ ಕಿರುಚತೊಡಗುತ್ತದೆ.

ಗುರುತು ಹಾಕಿಯೂ ಮೌನವಿದ್ದರೆ ಖಾಸಗಿತನದ ಸೆಟ್ಟಿಂಗ್‌ಗಳಲ್ಲಿ ಮೈಕ್ರೋಫೋನ್ ಬಳಕೆಗೆ ಅನುಮತಿ ಇದೆಯೇ ನೋಡಿ. ಲೈನ್-ಇನ್‌ಗೂ ಮೈಕಿಗೂ ಏನು ಸಂಬಂಧವೆಂದು ಅನ್ನಿಸುವುದು ಸಹಜ. ಆದರೆ ಒಳಬರುವ ಧ್ವನಿಯೆಲ್ಲವನ್ನೂ ವಿಂಡೋಸ್ ಒಂದೇ ಬುಟ್ಟಿಯಲ್ಲಿಟ್ಟಿದೆ. ಇನ್ನೊಂದು ವಿಚಿತ್ರ ಲಕ್ಷಣವೆಂದರೆ ಮಾತು ಕೇಳಿಸಿ ಸಂಗೀತ ಕರಗಿಹೋಗುವುದು. ಇದು ಗದ್ದಲ ನಿವಾರಣೆಯ ಸೌಲಭ್ಯ ಚಾಲೂ ಇರುವುದರ ಗುರುತು. ಅದರ ಪಾಲಿಗೆ ಮನುಷ್ಯನ ಮಾತಲ್ಲದ್ದೆಲ್ಲ ಗದ್ದಲವೇ, ಪಿಟೀಲೂ ಸೇರಿದಂತೆ.

ರಿಯಲ್‌ಟೆಕ್ ಚಿಪ್ ಇರುವ ಅನೇಕ ಗಣಕಗಳಲ್ಲಿ ಇನ್ನೊಂದು ಒಳದಾರಿಯಿದೆ. ‘ಪ್ಲೇಬ್ಯಾಕ್’ ವಿಭಾಗದಲ್ಲಿ ಸ್ಪೀಕರಿನ ‘ಲೆವೆಲ್ಸ್’ ಪುಟ ತೆರೆದರೆ ಅಲ್ಲಿಯೂ ಲೈನ್-ಇನ್ ಪಟ್ಟಿ, ಅದರ ಪಕ್ಕ ಮ್ಯೂಟ್ ಗುಂಡಿ ಕಾಣಬಹುದು. ಅದನ್ನು ತೆರೆದರೆ ಧ್ವನಿ ಚಿಪ್ಪಿನೊಳಗೇ ನೇರವಾಗಿ ಸ್ಪೀಕರಿಗೆ ಹರಿಯುತ್ತದೆ. ‘ಲಿಸನ್’ ವಿಧಾನದಲ್ಲಿ ಆಗುವ ವಿಳಂಬ ಇಲ್ಲಿಲ್ಲ. ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ.

ಗುಂಯ್‌ಗುಡುವ ಸದ್ದು: ಅರ್ತ್ ಪಿನ್ ಮುಟ್ಟಬೇಡಿ

ಧ್ವನಿ ಬಂತು, ಜೊತೆಗೆ ಜೇನುಹುಳುವಿನ ಹಿಂಡಿನಂತೆ ಗುಂಯ್ ಎಂಬ ಸದ್ದೂ ಬಂತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ಸದ್ದು ಥಟ್ಟನೆ ನಿಂತರೆ ರೋಗ ಪತ್ತೆಯಾದಂತೆ. ಎರಡೂ ಗಣಕಗಳು ಗೋಡೆಯ ಪ್ಲಗ್ಗಿನ ಅರ್ತ್ ಮೂಲಕ ಒಮ್ಮೆ, ಧ್ವನಿಯ ತಂತಿಯ ಹೊರಕವಚದ ಮೂಲಕ ಇನ್ನೊಮ್ಮೆ ಪರಸ್ಪರ ಜೋಡಿಕೊಂಡಿವೆ. ಹೀಗೆ ಉಂಟಾದ ಉಂಗುರದಲ್ಲಿ ಹರಿಯುವ ಅಲ್ಪ ವಿದ್ಯುತ್ತು, ನಮ್ಮ ವಿದ್ಯುತ್ ಜಾಲದ 50 ಹರ್ಟ್ಸ್ ಕಂಪನವನ್ನೂ ಅದರ ಗುಣಕಗಳನ್ನೂ ಸ್ಪೀಕರಿಗೆ ತಂದು ಸುರಿಯುತ್ತದೆ. ಇದರೊಂದಿಗೆ ಮೌಸ್ ಅಲುಗಾಡಿಸಿದಾಗ ಕೀಚಲು ದನಿ ಕೇಳಿಸುವುದೂ ಉಂಟು.

ಇದಕ್ಕೆ ಪ್ರಚಲಿತವಿರುವ ‘ಪರಿಹಾರ’ ಅಪಾಯಕಾರಿ. ಡೆಸ್ಕ್‌ಟಾಪಿನ ಪ್ಲಗ್ಗಿನ ದಪ್ಪ ಅರ್ತ್ ಪಿನ್ನನ್ನು ಮುರಿಯುವುದು, ಇಲ್ಲವೇ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದು. ಗುಂಯ್ ಸದ್ದು ನಿಲ್ಲುವುದು ನಿಜ. ಆದರೆ ಗಣಕದ ವಿದ್ಯುತ್ ಪೂರೈಕೆಯ ಪೆಟ್ಟಿಗೆಯೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಪುಟ್ಟ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಸೋರುವ ವಿದ್ಯುತ್ತು ಅರ್ತ್ ಮೂಲಕ ನೆಲಕ್ಕಿಳಿಯಲಿ ಎಂಬುದು ಉದ್ದೇಶ. ಅರ್ತ್ ತಪ್ಪಿದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡ ಕವಚದ ಮೇಲೆ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಬಲು ಕಡಿಮೆಯಾದ್ದರಿಂದ ಮುಟ್ಟಿದಾಗ ಜುಮ್ಮೆನ್ನುತ್ತದೆ, ಅಷ್ಟೇ. ಒಳಗೆ ಎಂದಾದರೂ ಫೇಸ್ ತಂತಿಯೇ ಕವಚಕ್ಕೆ ತಗುಲಿದರೆ ಪೂರ್ತಿ 230 ವೋಲ್ಟ್ ಅಲ್ಲಿರುತ್ತದೆ, ಫ್ಯೂಸ್ ಹಾರುವುದಿಲ್ಲ. ನೀವು ಎಳೆದಿರುವ ಧ್ವನಿಯ ತಂತಿ ಆ ವಿದ್ಯುತ್ತನ್ನು ಲ್ಯಾಪ್‌ಟಾಪಿಗೂ ನಿಮ್ಮ ಮಡಿಲಿಗೂ ತಲುಪಿಸುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರಂತೂ ಹೇಳುವುದೇ ಬೇಡ.

ಪಿನ್ ಮುರಿಯದೆಯೂ ಈ ಸ್ಥಿತಿ ಇರಬಹುದು. ಹಳೆಯ ಅನೇಕ ಮನೆಗಳಲ್ಲಿ ಪ್ಲಗ್ಗಿಗೆ ಮೂರು ಕಿಂಡಿಗಳಿರುತ್ತವೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಗಣಕದ ಲೋಹದ ಪೆಟ್ಟಿಗೆಯನ್ನು ಬೆರಳ ಹಿಂಬದಿಯಿಂದ ಸವರಿದಾಗ ಜುಮುಜುಮು ಎನ್ನಿಸಿದರೆ, ಧ್ವನಿಯ ತಂತಿ ಜೋಡಿಸುವಾಗ ಕಿಡಿ ಹಾರಿದರೆ, ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಬೇಕು. ಸ್ಪೀಕರಿನ ಮಾತು ಅದಾದ ಮೇಲೆ.

ಅರ್ತಿಂಗ್ ಸರಿಯಿದ್ದೂ ಗುಂಯ್ ಸದ್ದಿದ್ದರೆ, ಎರಡೂ ಗಣಕ ಮತ್ತು ಸ್ಪೀಕರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಅನೇಕರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಹೆಬ್ಬೆರಳ ಗಾತ್ರದ ಸಾಧನವನ್ನು ಧ್ವನಿಯ ತಂತಿಯ ಮಧ್ಯೆ ಸೇರಿಸಿ. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು ಧ್ವನಿಯನ್ನು ದಾಟಿಸುತ್ತವೆ, ಲೋಹದ ಸಂಪರ್ಕವನ್ನು ತುಂಡರಿಸುತ್ತವೆ. ಅಗ್ಗದವುಗಳಲ್ಲಿ ಮೃದಂಗದ ಎಡಭಾಗದ ಗಂಭೀರ ನಾದ ಸ್ವಲ್ಪ ಸೊರಗುತ್ತದೆ. ಮಾತು ಕೇಳಲು ಅಡ್ಡಿಯಿಲ್ಲ. ಇನ್ನು ವಿದ್ಯುತ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬರುತ್ತಿದ್ದರೆ ದೋಷ ನಿಮ್ಮ ಜೋಡಣೆಯದಲ್ಲ. ಚೌಕಾಕಾರದ ಅಲೆ ಹೊರಡಿಸುವ ಅಗ್ಗದ ಇನ್ವರ್ಟರಿನ ಸ್ವಭಾವವದು.

ತಂತಿಯಿಲ್ಲದೆ, ಜಾಲದ ಮೂಲಕ

ಎರಡೂ ಗಣಕಗಳು ಮನೆಯ ಒಂದೇ ವೈ-ಫೈನಲ್ಲಿದ್ದರೆ ಧ್ವನಿಯನ್ನು ಜಾಲದ ಮೂಲಕವೇ ಕಳುಹಿಸಬಹುದು. ಲಿನಕ್ಸ್ ಬಳಕೆದಾರರಿಗೆ ಇದು ಹಳೆಯ ಸೌಲಭ್ಯ. ಪಲ್ಸ್‌ಆಡಿಯೋ ತಂತ್ರಾಂಶ 4713ನೆಯ ಪೋರ್ಟಿನಲ್ಲಿ ಇನ್ನೊಂದು ಗಣಕದ ಧ್ವನಿಯನ್ನು ಸ್ವೀಕರಿಸಬಲ್ಲದು. ಅದರ ಸ್ಥಾನಕ್ಕೆ ಬಂದಿರುವ, 2021ರಲ್ಲಿ ಫೆಡೋರಾ 34ರ ಸಹಜ ಆಯ್ಕೆಯಾದ ಪೈಪ್‌ವೈರ್ ಕೂಡ ಅದೇ ಭಾಷೆ ಆಡುತ್ತದೆ. ವಿಂಡೋಸ್‌ನಲ್ಲಿ ಇಂಥ ಸೌಲಭ್ಯ ಹುಟ್ಟಾ ಇಲ್ಲ. ವಾಯ್ಸ್‌ಮೀಟರ್ ತಂತ್ರಾಂಶದ ವಿಬ್ಯಾನ್ ಎಂಬ ವ್ಯವಸ್ಥೆಯನ್ನು ಎರಡೂ ಕಡೆ ಸ್ಥಾಪಿಸಿಕೊಳ್ಳಬೇಕು. ಅದು 6980ನೆಯ ಪೋರ್ಟನ್ನು ಬಳಸುತ್ತದೆ.

ಇಲ್ಲಿ ಸದ್ದು ಬಾರದಿದ್ದರೆ ಧ್ವನಿಯ ಸೆಟ್ಟಿಂಗ್ ಕೆದಕುವ ಮುನ್ನ ಎರಡು ಗಣಕಗಳು ಪರಸ್ಪರ ಕಾಣುತ್ತಿವೆಯೇ ಎಂದು ‘ಪಿಂಗ್’ ಆದೇಶದಿಂದ ನೋಡಬೇಕು. ಮನೆಯ ವೈ-ಫೈಯನ್ನು ವಿಂಡೋಸ್ ‘ಪಬ್ಲಿಕ್’ ಎಂದು ಪರಿಗಣಿಸಿದ್ದರೆ ಫೈರ್‌ವಾಲ್ ಯಾರನ್ನೂ ಒಳಬಿಡದು. ಅದನ್ನು ‘ಪ್ರೈವೇಟ್’ ಮಾಡಿ. ಫೈರ್‌ವಾಲನ್ನೇ ಮುಚ್ಚುವ ಸಲಹೆಗೆ ಕಿವಿಗೊಡಬೇಡಿ. ಒಂದು ಗಣಕ ಅತಿಥಿಗಳ ವೈ-ಫೈನಲ್ಲಿದ್ದರೂ ಭೇಟಿಯಾಗದು. ಕಚೇರಿಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ಅಪರಾಧಿ ವಿಪಿಎನ್. ಅದು ಚಾಲೂ ಆದೊಡನೆ ಮನೆಯ ಜಾಲದೊಂದಿಗಿನ ಸಂಪರ್ಕವನ್ನು ಕಡಿದುಹಾಕುವಂತೆ ಕಚೇರಿಯವರೇ ವ್ಯವಸ್ಥೆ ಮಾಡಿರಬಹುದು. ಹಾಗಿದ್ದರೆ ಸೆಣಸಾಡದೆ ತಂತಿಗೆ ಮರಳುವುದು ಜಾಣತನ. ಬೇರೆ ತಂತ್ರಾಂಶ ಸ್ಥಾಪಿಸಲು ಅಂಥ ಯಂತ್ರಗಳಲ್ಲಿ ಅನುಮತಿಯೂ ಸಾಮಾನ್ಯವಾಗಿ ಇರುವುದಿಲ್ಲ.

ನಿನ್ನೆ ಬಂದ ಸದ್ದು ಇಂದು ಬಾರದಿದ್ದರೆ, ರೌಟರ್ ಡೆಸ್ಕ್‌ಟಾಪಿಗೆ ಹೊಸ ಐಪಿ ವಿಳಾಸ ಕೊಟ್ಟಿರಬಹುದು. ಲ್ಯಾಪ್‌ಟಾಪ್ ಪಾಪ, ಹಳೆಯ ವಿಳಾಸಕ್ಕೇ ಕಳುಹಿಸುತ್ತಿರುತ್ತದೆ. ರೌಟರಿನಲ್ಲಿ ಆ ವಿಳಾಸವನ್ನು ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ.

ಸದ್ದು ನಡುನಡುವೆ ತುಂಡಾದರೆ ಅಂತರಜಾಲದ ವೇಗ ಸಾಲದೆಂದು ಹೆಚ್ಚಿನ ಮೊತ್ತದ ಪ್ಲಾನ್ ಹಾಕಿಸಿಕೊಳ್ಳುವವರಿದ್ದಾರೆ. ಇದು ವ್ಯರ್ಥ. ಮನೆಯೊಳಗಿನ ಎರಡು ಯಂತ್ರಗಳ ಮಾತುಕತೆ ಹೊರಗಿನ ಅಂತರಜಾಲಕ್ಕೆ ಹೋಗುವುದೇ ಇಲ್ಲ. ಸೆಕೆಂಡಿಗೆ 48,000 ಮಾದರಿ, ತಲಾ 16 ಬಿಟ್, ಎರಡು ವಾಹಿನಿ ಎಂದರೆ ಸೆಕೆಂಡಿಗೆ 1,536 ಕಿಲೋಬಿಟ್ ಆಯಿತು. ಯಾವುದೇ ವೈ-ಫೈಗೆ ಇದು ಹಗುರ ಹೊರೆ. ತೊಂದರೆಯಿರುವುದು ಪೊಟ್ಟಣಗಳು ಸಮಯಕ್ಕೆ ಸರಿಯಾಗಿ ಬಾರದಿರುವುದರಲ್ಲಿ. ಡೆಸ್ಕ್‌ಟಾಪನ್ನಾದರೂ ರೌಟರಿಗೆ ತಂತಿಯಿಂದ ಜೋಡಿಸಿ, ತಂತ್ರಾಂಶದಲ್ಲಿ ಬಫರನ್ನು ಸ್ವಲ್ಪ ಹಿಗ್ಗಿಸಿ.

ಎಲ್ಲ ಸರಿಯಿದ್ದೂ ಮೂರ್ನಾಲ್ಕು ನಿಮಿಷಕ್ಕೊಮ್ಮೆ ‘ಟಕ್’ ಎನ್ನುವುದಕ್ಕೆ ಕಾರಣ ಬೇರೆ. ಎರಡು ಗಣಕಗಳ ಒಳಗಿನ ಗಡಿಯಾರಗಳು ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ 2.4 ಮಾದರಿ ಹೆಚ್ಚು ಕಡಿಮೆಯಾಗುತ್ತದೆ. ಹತ್ತು ಮಿಲಿಸೆಕೆಂಡಿನ ಬಫರಿನಲ್ಲಿರುವುದು 480 ಮಾದರಿ, ಅಂದರೆ 200 ಸೆಕೆಂಡಿಗೆ ಅದು ಬರಿದಾಗುತ್ತದೆ ಇಲ್ಲವೇ ತುಂಬಿ ಚೆಲ್ಲುತ್ತದೆ. ಬಫರ್ ದೊಡ್ಡದಾದಷ್ಟೂ ಟಕ್ ಸದ್ದು ಅಪರೂಪವಾಗುತ್ತದೆ, ಅದಕ್ಕೆ ತಕ್ಕಂತೆ ವಿಳಂಬ ಬೆಳೆಯುತ್ತದೆ. ಎರಡೂ ಕಡೆ ಮಾದರಿಯ ದರ ಒಂದೇ ಇರುವಂತೆ, 48,000 ಎಂದರೆ ಎರಡರಲ್ಲೂ 48,000 ಇರುವಂತೆ ಮೊದಲು ನೋಡಿಕೊಳ್ಳಿ.

ಬ್ಲೂಟೂತ್ ಬಗ್ಗೆ ಎರಡು ಮಾತು. ವಿಂಡೋಸ್ 10ರ 2020ರ ಮೇ ಆವೃತ್ತಿಯಿಂದೀಚೆಗೆ ಡೆಸ್ಕ್‌ಟಾಪು ತಾನೇ ಬ್ಲೂಟೂತ್ ಸ್ಪೀಕರಿನಂತೆ ವರ್ತಿಸಬಲ್ಲದು. ಅದಕ್ಕೆ ಮೈಕ್ರೋಸಾಫ್ಟ್ ಸ್ಟೋರಿನ ಪುಟ್ಟ ತಂತ್ರಾಂಶವೊಂದು ಬೇಕು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡವರಿಗೆ ಸಭೆ ಆರಂಭವಾದೊಡನೆ ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳಿಸಿದರೆ, ಮೈಕ್ ಚಾಲೂ ಆಗಿ ಸಾಧನ ದೂರವಾಣಿ ಮಟ್ಟದ ಧ್ವನಿಗೆ ಇಳಿದಿದೆ ಎಂದು ತಿಳಿಯಬೇಕು. ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿಕೊಂಡರೆ ಸರಿಹೋಗುತ್ತದೆ.

ತುಟಿ ಒಂದು ಕಡೆ, ಮಾತು ಒಂದು ಕಡೆ

ತಂತಿಯ ನೇರ ದಾರಿಯೊಂದನ್ನು ಬಿಟ್ಟು ಉಳಿದೆಲ್ಲ ವಿಧಾನಗಳಲ್ಲೂ ಧ್ವನಿ ತಡವಾಗುತ್ತದೆ. ಹಾಡು ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ. ಚಲನಚಿತ್ರ ನೋಡುವಾಗ ಕಿರಿಕಿರಿ. ಸಭೆಯಲ್ಲಿ ಇನ್ನೂ ಕಷ್ಟ: ಲ್ಯಾಪ್‌ಟಾಪಿನ ಮೈಕ್ ಬಳಸುತ್ತ, ಸದ್ದನ್ನು ಮಾತ್ರ ದೂರದ ಡೆಸ್ಕ್‌ಟಾಪಿನಿಂದ ಹೊರಡಿಸಿದರೆ ತಂತ್ರಾಂಶದ ಪ್ರತಿಧ್ವನಿ ನಿವಾರಣೆಗೆ ಗೊಂದಲವಾಗುತ್ತದೆ. ತಾನು ಕಳುಹಿಸಿದ ಧ್ವನಿ ಇಷ್ಟು ತಡವಾಗಿ ಮೈಕಿಗೆ ಮರಳೀತೆಂದು ಅದು ಎಣಿಸಿರುವುದಿಲ್ಲ. ಫಲವಾಗಿ ಎದುರಿನವರಿಗೆ ತಮ್ಮದೇ ಮಾತು ಮತ್ತೆ ಕೇಳಿಸುತ್ತದೆ. ಇಂಥಲ್ಲಿ ಧ್ವನಿ ಹಂಚಿಕೆಯ ಆಸೆ ಬಿಟ್ಟು ಲ್ಯಾಪ್‌ಟಾಪಿಗೇ ತಂತಿಯ ಹೆಡ್‌ಫೋನ್ ಹಾಕಿಕೊಳ್ಳುವುದೇ ಸರಿ.

ಚಲನಚಿತ್ರಕ್ಕಾದರೆ ವಿಎಲ್‌ಸಿ ತಂತ್ರಾಂಶದಲ್ಲಿ ಉಪಾಯವಿದೆ. ಚಿತ್ರ ಓಡುತ್ತಿರುವಾಗ ಕೀಲಿಮಣೆಯ ಜೆ ಅಕ್ಷರವನ್ನು ಒತ್ತಿದಷ್ಟು ಸಲ ಧ್ವನಿ 50 ಮಿಲಿಸೆಕೆಂಡ್ ಮುಂಚಿತವಾಗಿ ಹೊರಡುತ್ತದೆ, ಕೆ ಒತ್ತಿದರೆ ಅಷ್ಟೇ ತಡವಾಗುತ್ತದೆ. ತುಟಿಗೂ ಮಾತಿಗೂ ತಾಳೆಯಾಗುವವರೆಗೆ ಜೆ ಒತ್ತುತ್ತ ಹೋಗಿ. ವೈ-ಫೈ ಮೂಲಕ ಧ್ವನಿ ಕಳುಹಿಸುವವರಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಸಲ ಒತ್ತಿದರೆ ಸಾಕಾಗುತ್ತದೆ.